ಚೀನೀ ವಾದ್ಯಗಳ ಹಿನ್ನೆಲೆ ಸಂಗೀತ: ಮಾತಿಗೆ ಎಡೆ ಬಿಡುವ ಬಗೆ

ಚೀನಾದ ಸುಜೌ ನಗರದ ಉದ್ಯಾನಗಳ ಬಗ್ಗೆ ನಾಲ್ಕು ನಿಮಿಷದ ಕಿರುಚಿತ್ರವೊಂದು ಸಿದ್ಧವಾಗಿದೆ, ದೃಶ್ಯಗಳ ಮೇಲೆ ನಿರೂಪಕಿಯ ಮಾತು ಸಾಗುತ್ತದೆ, ಅದಕ್ಕೆ ಅಲ್ಲಿಯದೇ ವಾದ್ಯಗಳ ಹಿನ್ನೆಲೆ ಸಂಗೀತ ಬೇಕಾಗಿದೆ ಎಂದಿಟ್ಟುಕೊಳ್ಳೋಣ. ದೊಡ್ಡ ಜಾಗಟೆಯ ಪೆಟ್ಟಿನಿಂದ ಆರಂಭಿಸಿ, ಕೈಗೆ ಸಿಕ್ಕ ವಾದ್ಯಗಳನ್ನೆಲ್ಲ ಒಂದರ ಮೇಲೊಂದು ಪೇರಿಸುವ ಅಭ್ಯಾಸವನ್ನು ಮೊದಲು ಬಿಡಬೇಕು. ಇಂಥ ಕೆಲಸಕ್ಕೆ ಎರಡು ವಾದ್ಯಗಳು ಸಾಕು, ಮೂರು ಧಾರಾಳ.

ಮೊದಲು ಊರನ್ನು ನೋಡಿ ವಾದ್ಯವನ್ನು ಆರಿಸಿಕೊಳ್ಳಿ. 1997ರಲ್ಲಿ ಯುನೆಸ್ಕೊ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದ ಈ ಉದ್ಯಾನಗಳು ಇರುವುದು ಯಾಂಗ್‌ಟ್ಸಿ ನದಿಯ ಕೆಳಹರಿವಿನ ಜಿಯಾಂಗ್‌ನಾನ್ ಪ್ರದೇಶದಲ್ಲಿ. ಅಲ್ಲಿಯ ಪುಟ್ಟ ಮೇಳಕ್ಕೆ ‘ರೇಷ್ಮೆ ಮತ್ತು ಬಿದಿರು’ ಎಂಬ ಅರ್ಥದ ಹೆಸರಿದೆ: ತಂತಿಗಳು ಹಿಂದೆ ರೇಷ್ಮೆಯವು, ಕೊಳಲುಗಳು ಬಿದಿರಿನವು. ಚಹಾ ಅಂಗಡಿಗಳಲ್ಲಿ ಕೂತು ನುಡಿಸುತ್ತಾ ಬೆಳೆದ ಈ ಸಂಗೀತ ಉದ್ಯಾನದ ದೃಶ್ಯಕ್ಕೆ ಸಹಜವಾಗಿ ಹೊಂದುತ್ತದೆ. ಸುವೊನಾ ಹಾಗಲ್ಲ. ನಮ್ಮ ವಾಲಗದಂತೆ ಮದುವೆ, ಮೆರವಣಿಗೆಗಳಲ್ಲಿ ಬಯಲಿನಲ್ಲಿ ಮೊಳಗುವ, ಅಲ್ಲಿ ಶವಯಾತ್ರೆಗೂ ಜೊತೆಯಾಗುವ ಆ ವಾದ್ಯವನ್ನು ಕಮಲದ ಕೊಳದ ದೃಶ್ಯಕ್ಕೆ ಜೋಡಿಸಿದರೆ ಚೀನೀ ಪ್ರೇಕ್ಷಕರಿಗೆ ನಗು ಬಂದೀತು.

ಸ್ವರಗಳ ವಿಷಯದಲ್ಲಿ ಕನ್ನಡದ ಸಂಗೀತಗಾರರಿಗೆ ಒಂದು ಅನುಕೂಲವಿದೆ. ಚೀನೀ ಸಂಗೀತದ ಮೂಲ ಪಂಚಸ್ವರಗಳು ನಮ್ಮ ಮೋಹನ ರಾಗದ ಸ, ರಿ, ಗ, ಪ, ದ ಸ್ವರಸ್ಥಾನಗಳೇ ಆಗಿವೆ. ಗ್ರಹಭೇದ ಮಾಡಿದಂತೆ ರಿಷಭವನ್ನು ಆಧಾರವಾಗಿಸಿಕೊಂಡರೆ ಮಧ್ಯಮಾವತಿಯ, ಪಂಚಮವನ್ನು ಹಿಡಿದರೆ ಶುದ್ಧ ಸಾವೇರಿಯ ಸ್ವರಗಳು ದೊರೆಯುತ್ತವೆ. ಅಲ್ಲಿಯೂ ಐದು ಸ್ವರಗಳಲ್ಲಿ ಯಾವುದನ್ನು ನೆಲೆಯಾಗಿಸಿಕೊಂಡರು ಎಂಬುದರ ಮೇಲೆ ಐದು ಕ್ರಮಗಳಿವೆ. ಆದರೆ ಸ್ವರ ಒಂದೇ ಎಂದು ನಮ್ಮ ಗಮಕಗಳನ್ನು ಒಯ್ದು ಅಲ್ಲಿ ಸುರಿಯಬಾರದು. ಹಾಗೆಯೇ ಜಪಾನಿನ ಕೊಟೊ ವಾದ್ಯದ ತುಣುಕನ್ನು ಅದನ್ನೇ ಹೋಲುವ, ಮೀಟಿ ನುಡಿಸುವ ಚೀನೀ ತಂತಿವಾದ್ಯ ಗುಜೆಂಗ್ ಎಂದು ತಿಳಿದು ಬಳಸುವ ಪ್ರಮಾದವನ್ನೂ ತಪ್ಪಿಸಬೇಕು. ಕೊಟೊವನ್ನು ಅರೆಸ್ವರದ ಅಂತರಗಳಿರುವ ಶ್ರುತಿಯಲ್ಲಿ ಕೂಡಿಸುವುದು ಸಾಮಾನ್ಯವಾದ್ದರಿಂದ, ಮೋಹನದ ನಡುವೆ ಅದು ಥಟ್ಟನೆ ಬೇರೆಯೇ ಆಗಿ ಕೇಳುತ್ತದೆ.

ಮಾತಿನ ಕೆಳಗೆ ನುಡಿಸಲು ನನ್ನ ಮಟ್ಟಿಗೆ ಗುಚಿನ್ ವಾದ್ಯಕ್ಕೆ ಸಾಟಿಯಿಲ್ಲ. ಏಳು ತಂತಿಗಳು, ಬೆರಳಿಡುವ ಸ್ಥಾನ ತೋರಿಸುವ 13 ಬಿಂದುಗಳು, ಮಂದ್ರದಲ್ಲೇ ಹೆಚ್ಚು ಓಡಾಡುವ ಮೆಲುದನಿ; ಹೀಗಾಗಿ ನಿರೂಪಕಿಯ ಕಂಠಕ್ಕೂ ಅದಕ್ಕೂ ತಿಕ್ಕಾಟವಿರುವುದಿಲ್ಲ. 1977ರಲ್ಲಿ ವಾಯೇಜರ್ ನೌಕೆಗಳೊಂದಿಗೆ ಬಾಹ್ಯಾಕಾಶಕ್ಕೆ ಹೋದ ಧ್ವನಿಮುದ್ರಿಕೆಯಲ್ಲಿ ಗುವಾನ್ ಪಿಂಗ್‌ಹು ಅವರ ಗುಚಿನ್ ವಾದನವಿದೆ. ಮೀಟಿದ ಮೇಲೆ ಎಡಗೈ ಬೆರಳು ತಂತಿಯ ಮೇಲೆ ಜಾರುತ್ತಾ, ಸ್ವರ ಅಡಗುವವರೆಗೂ ಅದನ್ನು ಹಿಂಬಾಲಿಸುವುದನ್ನು ಗಮನಿಸುತ್ತಾ ಒಮ್ಮೆ ಅದನ್ನು ಕೇಳಿ, ಆಮೇಲೆ ನಿಮ್ಮ ರಾಗರೇಖೆಯನ್ನು ಬರೆಯಿರಿ. ಎರಡು ಮೀಟುಗಳ ನಡುವೆ ಎಷ್ಟು ಬಿಡುವು ಬೇಕೆಂಬುದು ಆಗ ತಾನಾಗಿ ತಿಳಿಯುತ್ತದೆ.

ಅರ್ಹುವಿನ ವಿಷಯದಲ್ಲಿ ಎಚ್ಚರ ಬೇಕು. ಸ–ಪ ಅಂತರದ ಎರಡೇ ತಂತಿಗಳು, ಅವುಗಳ ನಡುವೆ ಸಿಕ್ಕಿಕೊಂಡ ಕಮಾನು, ಹೆಬ್ಬಾವಿನ ಚರ್ಮ ಬಿಗಿದ ಬುರುಡೆ: ಇಷ್ಟರಿಂದ ಹೊರಡುವ ನಾದ ಮನುಷ್ಯನ ದನಿಗೆ ಬಹಳ ಹತ್ತಿರ. ನಾನು ಮೊದಲ ಬಾರಿ ನಿರೂಪಣೆಯ ಉದ್ದಕ್ಕೂ ಅರ್ಹು ಹರಿಸಿದ್ದೆ. ಕೇಳಿದವರಿಗೆ ಅರ್ಹು ನೆನಪಿತ್ತು, ಮಾತಿನಲ್ಲಿ ಒಂದು ವಾಕ್ಯವೂ ನೆನಪಿರಲಿಲ್ಲ. ಮಾತು ನಿಂತು ಬರೀ ದೃಶ್ಯ ಸಾಗುವ ಕಡೆ ಮಾತ್ರ ಅದನ್ನು ಒಳಗೆ ಬಿಡಿ, ಮಾತು ಮರಳುವ ಮುನ್ನ ಮುಗಿಸಿ.

ಕೊಳಲು ಬೇಕಾದರೆ ದೀಜಿ ಮತ್ತು ಶಿಯಾವ್ ಎಂಬ ಎರಡು ಆಯ್ಕೆಗಳಿವೆ. ಅಡ್ಡ ಹಿಡಿಯುವ ದೀಜಿಯಲ್ಲಿ ಊದುವ ರಂಧ್ರಕ್ಕೂ ಬೆರಳಿನ ರಂಧ್ರಗಳಿಗೂ ನಡುವೆ ಇನ್ನೊಂದು ರಂಧ್ರವಿದ್ದು, ಲಾಳದ ಕಡ್ಡಿಯ ಒಳಗಿಂದ ತೆಗೆದ ಈರುಳ್ಳಿ ಪೊರೆಯಂಥ ತೆಳು ಹಾಳೆಯನ್ನು ಸಣ್ಣ ಸುಕ್ಕುಗಳು ಮೂಡುವಂತೆ ಅದರ ಮೇಲೆ ಅಂಟಿಸಿರುತ್ತಾರೆ. ಆ ಪೊರೆಯ ಝೇಂಕಾರವಿಲ್ಲದ ದೀಜಿ ನಮ್ಮ ಕೊಳಲಿನಂತೆಯೇ ಕೇಳುತ್ತದೆ. ಕಂಪ್ಯೂಟರಿನಲ್ಲಿ ನುಡಿಸಲು ಸ್ಯಾಂಪಲ್ (ವಾದ್ಯದ ಸ್ವರಗಳ ಮುದ್ರಿತ ತುಣುಕುಗಳು) ಕೊಳ್ಳುವಾಗ ಇದನ್ನೇ ಪರೀಕ್ಷಿಸಿ. ನೆಟ್ಟಗೆ ಹಿಡಿದು ಊದುವ ಶಿಯಾವ್‌ಗೆ ಪೊರೆಯಿಲ್ಲ, ದನಿ ಮೃದು. ಗುಚಿನ್ ಜೊತೆಗೆ ಅದನ್ನು ನುಡಿಸುವುದು ಹಳೆಯ ವಾಡಿಕೆ.

ವಾದ್ಯಗಳನ್ನು ಕೂಡಿಸುವಾಗ ಪಾಶ್ಚಾತ್ಯ ಕ್ರಮದಲ್ಲಿ ಕಾರ್ಡ್‌ಗಳನ್ನು, ಅಂದರೆ ಒಟ್ಟಿಗೆ ನುಡಿಯುವ ಸ್ವರಗುಚ್ಛಗಳನ್ನು, ಕಟ್ಟಲು ಹೋಗಬೇಡಿ. ಜಿಯಾಂಗ್‌ನಾನ್ ಮೇಳದಲ್ಲಿ ಎಲ್ಲರೂ ನುಡಿಸುವುದು ಒಂದೇ ರಾಗರೇಖೆಯನ್ನು. ಕೊಳಲು ಅದನ್ನು ಎಳೆದು ನುಡಿಸಿದರೆ ಪಿಪಾ ಎಂಬ ತಂತಿವಾದ್ಯ ಅದೇ ಜಾಗವನ್ನು ಬಿಡಿಬಿಡಿ ಮೀಟುಗಳಿಂದ ತುಂಬುತ್ತದೆ. ನೀವೂ ಒಂದೇ ರೇಖೆಯನ್ನು ಎರಡು ಟ್ರ್ಯಾಕಿಗೆ ಹಾಕಿ, ಒಂದರಲ್ಲಿ ಅರ್ಧದಷ್ಟು ಸ್ವರಗಳನ್ನು ಅಳಿಸಿ, ಇನ್ನೊಂದಕ್ಕೆ ಸ್ವಲ್ಪ ಅಲಂಕಾರ ಸೇರಿಸಿ ನೋಡಿ. ಬೇರೆಯವರ ಧ್ವನಿಮುದ್ರಣ ಬಳಸುವುದಾದರೆ, ರಾಗ ಎಷ್ಟು ಹಳೆಯದಾದರೂ ಆ ಮುದ್ರಣಕ್ಕೆ ಪ್ರತ್ಯೇಕ ಹಕ್ಕಿರಬಹುದೆಂಬುದು ನೆನಪಿರಲಿ.

ಮಿಶ್ರಣ ಮುಗಿದ ಮೇಲೆ ಮೊಬೈಲಿನ ಸ್ಪೀಕರಿನಲ್ಲಿ ಕೇಳಿ. ಗುಚಿನ್‌ನ ಅತಿ ಮಂದ್ರದ ತಂತಿಯ ಕಂಪನ ಸೆಕೆಂಡಿಗೆ ಸುಮಾರು 65 ಮಾತ್ರ. ಅಷ್ಟು ಕೆಳಗಿನ ನಾದವನ್ನು ಆ ಪುಟ್ಟ ಸ್ಪೀಕರು ಹೊರಡಿಸಲಾರದು, ಸಂಗೀತ ಅರ್ಧಕ್ಕರ್ಧ ಮಾಯವಾದಂತಿರುತ್ತದೆ. ಆಗ ಧ್ವನಿಯ ಮಟ್ಟವನ್ನು ಏರಿಸಬೇಡಿ. ಆ ಸಾಲನ್ನು ಒಂದು ಸ್ಥಾಯಿ ಮೇಲಕ್ಕೆ ಒಯ್ಯಿರಿ, ಇಲ್ಲವೇ ಬಿಂದುಗಳ ನೇರಕ್ಕೆ ತಂತಿಯನ್ನು ಬೆರಳಿನಿಂದ ಸೋಕಿಸಿ ಮೀಟಿದಾಗ ಬರುವ ಗಂಟೆಯಂಥ ಸ್ವರಗಳಲ್ಲಿ ಮತ್ತೆ ಬರೆಯಿರಿ.