ಬಿಲ್ಲೆಯ ಬೆನ್ನು ಓದಿ ಮೋಸಹೋದದ್ದು

ಹಳೆ ಬಿಲ್ಲೆ ಕೂಡಿಡುವುದು ನ್ಯೂಜರ್ಸಿಗೆ ಬಂದ ಮೇಲೆ ಹತ್ತಿದ ಹುಚ್ಚು. ಲ್ಯಾಂಬರ್ಟ್‌ವಿಲ್‌ನ ಹಳೆ ಸಾಮಾನಿನ ಸಂತೆಯಲ್ಲಿ, ತುಕ್ಕು ಹಿಡಿದ ಕೀಲಿಗಳ ಡಬ್ಬಿಯ ತಳದಲ್ಲಿ, ಎದೆಗೆ ಚುಚ್ಚಿಕೊಳ್ಳುವ ಪುಟ್ಟ ಬಿಲ್ಲೆಯೊಂದು ಸಿಕ್ಕಿತು. ಕೆಂಪು ಟೋಪಿಯ ಸಾಂತಾ ಕ್ಲಾಸ್, ಅವನ ಹಿಂದೆ ದೊಡ್ಡದೊಂದು ಕಟ್ಟಡ, ಅಂಚಿನಲ್ಲಿ ನೆವಾರ್ಕ್ ನಗರದ ಬ್ಯಾಂಬರ್ಗರ್ ಮಳಿಗೆಯ ಹೆಸರು. ಕ್ರಿಸ್‌ಮಸ್ ಹೊತ್ತಿಗೆ ದೊಡ್ಡ ಮಳಿಗೆಗಳು ಮಕ್ಕಳಿಗೆ ಇಂಥವನ್ನು ಪುಕ್ಕಟೆ ಹಂಚುತ್ತಿದ್ದವು. ಸಂಬಳವಿಲ್ಲದ ಪ್ರಚಾರಕರು!

ತಿರುಗಿಸಿ ನೋಡಿದೆ. ಬೆನ್ನಿನ ಗುಳಿಯಲ್ಲಿ ದುಂಡಗೆ ಕತ್ತರಿಸಿದ ಕಾಗದ. ಅದರ ಮೇಲೆ ಬಿಲ್ಲೆ ತಯಾರಿಸುತ್ತಿದ್ದ ಅದೇ ಊರಿನ ವೈಟ್‌ಹೆಡ್ ಅಂಡ್ ಹೋಗ್ ಕಂಪನಿಯ ಹೆಸರು, ಕೆಳಗೆ ಪೇಟೆಂಟ್ ದಿನಾಂಕಗಳು. ಕೊನೆಯದು 1896ರ ಜುಲೈ 21. ಮನೆಗೆ ಬಂದವನೇ ಲಕೋಟೆಯ ಮೇಲೆ ಶಾಯಿಯಲ್ಲಿ ‘1896’ ಎಂದು ಬರೆದು, ಸಿಕ್ಕವರಿಗೆಲ್ಲ ತೋರಿಸಿ ಬೀಗಿದೆ.

ಭೂತಗನ್ನಡಿ ಕೊಂಡ ಮೇಲೆ ಮಾನ ಹೋಯಿತು. ಸಾಂತಾನ ಹಿಂದಿದ್ದ ಕಟ್ಟಡವನ್ನು ಹಳೆಯ ಛಾಯಾಚಿತ್ರಗಳ ಜೊತೆ ಇಟ್ಟು ನೋಡಿದರೆ, ಅದು ಬ್ಯಾಂಬರ್ಗರ್ ಮಳಿಗೆ 1912ರಲ್ಲಿ ತೆರೆದ ಹೊಸ ಕಟ್ಟಡ. ಕಂಪನಿಯವರು ಪೇಟೆಂಟಿನ ಅದೇ ಸಾಲುಗಳನ್ನು ವರ್ಷಗಟ್ಟಲೆ ಅಚ್ಚು ಹಾಕುತ್ತಿದ್ದರು. ಆ ದಿನಾಂಕ ಹೇಳುವುದು ‘ಇದಕ್ಕಿಂತ ಹಿಂದಿನದಲ್ಲ’ ಎಂಬುದನ್ನು ಮಾತ್ರ. ಮಳಿಗೆಯ ಹೆಸರೂ ನೆರವಿಗೆ ಬರಲಿಲ್ಲ: 1929ರಲ್ಲಿ ನ್ಯೂಯಾರ್ಕಿನ ದೊಡ್ಡ ಮಳಿಗೆ ಮೇಸೀಸ್ ಅದನ್ನು ಕೊಂಡರೂ ಬ್ಯಾಂಬರ್ಗರ್ ಎಂಬ ಹೆಸರು 1986ರವರೆಗೆ ಉಳಿದಿತ್ತು. ಎಲ್ಲ ಬಿಲ್ಲೆಯೂ ಇಷ್ಟು ಸತಾಯಿಸುವುದಿಲ್ಲ. ಫಿಲಡೆಲ್ಫಿಯಾದ ವಾನಮೇಕರ್ ಮಳಿಗೆಯ ಸುವರ್ಣ ಮಹೋತ್ಸವದ್ದಾದರೆ, ಮಳಿಗೆ ಶುರುವಾದ 1861ಕ್ಕೆ ಐವತ್ತು ಕೂಡಿಸಿ 1911 ಎಂದರೆ ಮುಗಿಯಿತು.

ಈಗ ಮೊದಲು ಮೈ ನೋಡುತ್ತೇನೆ. ಹಳೆಯವುಗಳಲ್ಲಿ ತಗಡಿನ ಮೇಲೆ ಚಿತ್ರದ ಕಾಗದ, ಅದರ ಮೇಲೆ ಸೆಲ್ಯುಲಾಯ್ಡ್ ಎಂಬ ಹಳೆಗಾಲದ ಪ್ಲಾಸ್ಟಿಕ್ಕಿನ ಪಾರದರ್ಶಕ ಹಾಳೆ, ಮೂರನ್ನೂ ಹಿಂದಿನಿಂದ ಕಚ್ಚಿ ಹಿಡಿದ ಲೋಹದ ಉಂಗುರ. ಗೀರು ಬಿದ್ದಲ್ಲಿ ಬಣ್ಣದಡಿ ನೇರವಾಗಿ ತಗಡೇ ಕಂಡರೆ, ಅದು ತಗಡಿನ ಮೇಲೆಯೇ ಅಚ್ಚು ಹಾಕಿದ ಆಮೇಲಿನ ಬಗೆ.

ಒದ್ದೆ ಬಟ್ಟೆಯನ್ನಂತೂ ಹತ್ತಿರ ತರುವುದಿಲ್ಲ. ಇದೇ ಸಾಂತಾನ ಮುಖ ಒರೆಸಲು ಹೋಗಿದ್ದೆ. ಅಂಚಿನಿಂದ ನೀರು ನುಗ್ಗಿ ಕಾಗದ ಕಂದಿತು. ಗಡ್ಡದ ಎಡಭಾಗ ಇಂದಿಗೂ ಚಹಾ ಚೆಲ್ಲಿದಂತಿದೆ. ಲಕೋಟೆಯ ಮೇಲಿನ ಶಾಯಿಯನ್ನು ಹೊಡೆದುಹಾಕಿ, ಪಕ್ಕದಲ್ಲಿ ಪೆನ್ಸಿಲಿನಿಂದ ‘1912 ಅಥವಾ ಆಮೇಲೆ’ ಎಂದು ಬರೆದಿದ್ದೇನೆ.