ಸಂಕ್ರಾಂತಿಗೆ ಮನೆಯಲ್ಲೇ ಸಕ್ಕರೆ ಅಚ್ಚು

ಎಳ್ಳು ಬೀರುವ ತಟ್ಟೆಯಲ್ಲಿ ಕಬ್ಬು, ಬಾಳೆಹಣ್ಣು, ಎಲೆ ಅಡಿಕೆಯ ಪಕ್ಕ ಬೆಳ್ಳಗಿನ ಆನೆಯೋ ಗಿಳಿಯೋ ಕೂತರೇನೇ ಹಬ್ಬದ ಕಳೆ. ಮೈಸೂರಿನ ದೇವರಾಜ ಮಾರುಕಟ್ಟೆಯಲ್ಲಿ ಸಕ್ಕರೆ ಅಚ್ಚು ಸಿದ್ಧವಾಗಿಯೇ ಸಿಗುತ್ತದೆ. ಆದರೂ ಒಂದು ಮಧ್ಯಾಹ್ನ ಬಿಡುವು ಮಾಡಿಕೊಂಡರೆ ಮನೆಯಲ್ಲೇ ಹೊಯ್ಯಬಹುದು.

ಮರದ ಅಚ್ಚುಗಳನ್ನು ಹಿಂದಿನ ರಾತ್ರಿಯೇ ನೀರಿನಲ್ಲಿ ಮುಳುಗಿಸಿಡಿ. ಇದನ್ನು ಮರೆತರೆ ಮುಂದಿನದೆಲ್ಲ ವ್ಯರ್ಥ. ನೀರು ಕುಡಿದ ಮರ ಪಾಕವನ್ನು ಹಿಡಿದುಕೊಳ್ಳುವುದಿಲ್ಲ. ಒಣ ಮರಕ್ಕೆ ಪಾಕ ಅಂಟಿ, ಬಿಡಿಸುವಾಗ ಗಿಳಿಯ ಕೊಕ್ಕು ಅಚ್ಚಿನಲ್ಲೇ ಉಳಿಯುತ್ತದೆ. ಹೊಯ್ಯುವ ಮುಂಚೆ ನೀರು ಝಾಡಿಸಿ, ಎರಡು ಹೋಳುಗಳನ್ನು ಜೋಡಿಸಿ ರಬ್ಬರ್ ಬ್ಯಾಂಡ್ ಬಿಗಿಯಾಗಿ ಹಾಕಿ. ಒಳಗೆ ನೀರಿನ ಹನಿ ನಿಂತರೆ ಆನೆಯ ಮೈಮೇಲೆ ಗುಳಿ ಬೀಳುತ್ತದೆ.

ಅರ್ಧ ಕೆಜಿ ಸಕ್ಕರೆಗೆ ಒಂದು ಲೋಟ, ಅಂದರೆ ಸುಮಾರು 200 ಮಿ.ಲೀ. ನೀರು ಹಾಕಿ ಕರಗಿಸಿ. ಕುದಿ ಬಂದಾಗ ಒಂದು ಚಮಚ ಹಾಲು ಬಿಟ್ಟರೆ ಕೊಳೆಯೆಲ್ಲ ನೊರೆಯಾಗಿ ಮೇಲೆ ಬರುತ್ತದೆ. ಅದನ್ನು ತೆಗೆದು, ತೆಳು ಬಟ್ಟೆಯಲ್ಲಿ ಸೋಸಿ. ಅಚ್ಚಿನ ಬಿಳುಪು ನಿಲ್ಲುವುದು ಈ ಸೋಸುವುದರಲ್ಲೇ.

ಇನ್ನು ಮುಖ್ಯ ಕೆಲಸ. ಎಲ್ಲ ಪಾಕವನ್ನೂ ಒಟ್ಟಿಗೆ ಕಾಯಿಸಬೇಡಿ, ಹೊಯ್ಯುವಷ್ಟರಲ್ಲಿ ಅರ್ಧ ಪಾತ್ರೆಯಲ್ಲೇ ಗಟ್ಟಿಯಾಗುತ್ತದೆ. ಎರಡು ಮೂರು ಅಚ್ಚಿಗಾಗುವಷ್ಟನ್ನು ಹಿಡಿಕೆಯಿರುವ ಚಿಕ್ಕ ಪಾತ್ರೆಗೆ ಹಾಕಿ, ಮಧ್ಯಮ ಉರಿಯಲ್ಲಿ ಕುದಿಸಿ. ತಣ್ಣೀರಿಗೆ ಒಂದು ತೊಟ್ಟು ಬಿಟ್ಟರೆ ಬೆರಳಲ್ಲಿ ಮೆತ್ತನೆಯ ಉಂಡೆ ಕಟ್ಟಬೇಕು. ಆಗ ಒಲೆಯಿಂದ ಇಳಿಸಿ, ಚಮಚದ ಬೆನ್ನಿನಿಂದ ಪಾಕವನ್ನು ಪಾತ್ರೆಯ ಅಂಚಿಗೆ ಉಜ್ಜುತ್ತಾ ತಿರುವಿ. ಗಾಜಿನಂತಿದ್ದ ಪಾಕ ಮೊದಲು ಮಸುಕಾಗಿ, ನೋಡುನೋಡುತ್ತಲೇ ಹಾಲಿನ ಬಣ್ಣಕ್ಕೆ ತಿರುಗುತ್ತದೆ. ಸಕ್ಕರೆ ಮತ್ತೆ ಹರಳುಗಟ್ಟುತ್ತಿರುವ ಗುರುತು ಅದು. ಇನ್ನೂ ಧಾರೆಯಾಗಿ ಬೀಳುವಾಗಲೇ ಅಚ್ಚಿನ ಬಾಯಿ ತುಂಬ ಹೊಯ್ದುಬಿಡಿ. ಬೇಗ ಹೊಯ್ದರೆ ಅಚ್ಚು ಅಂಟಂಟಾಗಿಯೇ ಉಳಿಯುತ್ತದೆ, ತಡವಾದರೆ ಸೊಂಡಿಲಿನ ತುದಿಯವರೆಗೆ ಪಾಕ ಇಳಿಯುವುದೇ ಇಲ್ಲ. ನಿಂಬೆರಸ ಹಿಂಡುವ ರೂಢಿಯೂ ಇದೆ. ಎರಡು ಹನಿ ಸಾಕು. ಹುಳಿ ಹೆಚ್ಚಾದರೆ ಸಕ್ಕರೆ ಹರಳುಗಟ್ಟುವುದೇ ಇಲ್ಲ. ಬಿಸಿ ಪಾಕ ಮೈಗೆ ಬಿದ್ದರೆ ಅಂಟಿಕೊಂಡು ಸುಡುತ್ತದೆ, ಮಕ್ಕಳನ್ನು ಒಲೆಯ ಹತ್ತಿರ ಬಿಡಬೇಡಿ.

ಹತ್ತು ನಿಮಿಷ ಬಿಟ್ಟು, ರಬ್ಬರ್ ಬ್ಯಾಂಡ್ ತೆಗೆದು, ಒಂದು ಹೋಳನ್ನು ಮೆಲ್ಲಗೆ ಎತ್ತಿ. ಬಿಸಿಯಿರುವಾಗ ಆತುರಪಟ್ಟರೆ ಕಾಲು ಮುರಿಯುತ್ತದೆ. ಮುರಿದದ್ದನ್ನು ಸ್ವಲ್ಪ ನೀರು ಹಾಕಿ ಕರಗಿಸಿ ಮತ್ತೆ ಹೊಯ್ಯಬಹುದು, ಎಸೆಯಬೇಡಿ. ಬಿಡಿಸಿದ ಅಚ್ಚುಗಳನ್ನು ಒಂದು ದಿನ ನೆರಳಲ್ಲಿ ಆರಿಸಿ ಡಬ್ಬಿಗೆ ಹಾಕಿ. ಮರದ ಅಚ್ಚನ್ನು ಸೋಪು ಮುಟ್ಟಿಸದೆ ಬಿಸಿನೀರಲ್ಲಿ ತೊಳೆದು ನೆರಳಲ್ಲೇ ಒಣಗಿಸಿ, ಬಿಸಿಲಿಗಿಟ್ಟರೆ ಸೀಳುತ್ತದೆ.

ಎಳ್ಳುಬೆಲ್ಲಕ್ಕೆ ಅರ್ಧರ್ಧ ಕೆಜಿ ಕಡಲೆಕಾಯಿ ಬೀಜ, ಕೊಬ್ಬರಿ, ಬೆಲ್ಲ. ಕಾಲು ಕೆಜಿ ಹುರಿಗಡಲೆ, 100 ಗ್ರಾಂ ಬಿಳಿ ಎಳ್ಳು. ಮಂಡ್ಯದ ಅಚ್ಚು ಬೆಲ್ಲದಲ್ಲಿ ಗಟ್ಟಿಯಾದದ್ದನ್ನೇ ಆರಿಸಿ, ಅಡಕತ್ತರಿಯಲ್ಲಿ ಕತ್ತರಿಸಿ, ಕೊಬ್ಬರಿ ಚೂರಿನಂತೆ ಅದನ್ನೂ ಬಿಸಿಲಲ್ಲಿ ಒಣಗಿಸಿ. ಬೆಲ್ಲವನ್ನು ಹಬ್ಬದ ಹಿಂದಿನ ರಾತ್ರಿ ಬೆರೆಸಿದರೆ ಸಾಕು. ಮೊದಲೇ ಬೆರೆಸಿಟ್ಟರೆ ಅದರ ಪಸೆಗೆ ಹುರಿಗಡಲೆ ಮೆತ್ತಗಾಗುತ್ತದೆ.