ಹಳೇ ಡೀಸೆಲ್ ಪಿಕಪ್‌ನ ಆಟೋಮ್ಯಾಟಿಕ್ ಗೇರ್ ಜರ್ಕ್ ಹೊಡೀತಿದೆಯಾ?

ಗೇರ್‌ಬಾಕ್ಸ್ ಬಿಚ್ಚಿಸೋಕೆ ಅವಸರ ಮಾಡಬೇಡಿ, ಮೊದಲು ಗೇರ್‌ಬಾಕ್ಸ್ ಆಯಿಲ್ ನೋಡಿ. ಗಾಡಿ ಓಡಿಸಿ ಬಿಸಿಯಾದ ಮೇಲೆ ಸಮತಟ್ಟು ಜಾಗದಲ್ಲೇ ನಿಲ್ಲಿಸಿ. ನಮ್ಮ ತೋಟದ ಇಳಿಜಾರಿನಲ್ಲಿ ನೋಡಿದರೆ ಅಳತೆ ತಪ್ಪುತ್ತದೆ. ಗೇರ್‌ಬಾಕ್ಸ್‌ಗೆ ಡಿಪ್‌ಸ್ಟಿಕ್ (ಆಯಿಲ್ ಅಳೆಯುವ ಕಡ್ಡಿ) ಇದ್ದರೆ ಬಿಳಿ ಬಟ್ಟೆಗೆ ಒರೆಸಿ. ಸಾಮಾನ್ಯವಾಗಿ ಕೆಂಪಗಿರಬೇಕು. ಕಪ್ಪಾಗಿ ಸುಟ್ಟ ವಾಸನೆ ಬಂದರೆ ಒಳಗಿನ ಕ್ಲಚ್ ಸವೆದಿರಬಹುದು. ಹಾಲು ಬೆರೆಸಿದ ಹಾಗೆ ಗುಲಾಬಿ ಬಣ್ಣ ಕಂಡರೆ ನೀರು ಸೇರಿದೆ ಅಂತ ಅರ್ಥ. ಆಮೇಲೆ ಗಾಡಿ ಓಡಿಸಲೇಬೇಡಿ, ಟೋ ಮಾಡಿಸಿ.

ಆಯಿಲ್ ಚೆನ್ನಾಗಿದ್ದರೆ ಬ್ಯಾಟರಿ ಟರ್ಮಿನಲ್, ಅರ್ಥ್ ವೈರ್ ನೋಡಿ. ಕೊಡಗಿನ ಮಳೆಗೆ ಬೇಗ ಹಸಿರು ಕಿಲುಬು ಕಟ್ಟುತ್ತದೆ. ಕರೆಂಟ್ ಸರಿಯಾಗಿ ಹರಿಯದಿದ್ದರೆ ಗೇರ್ ಬದಲಿಸುವ ಸೊಲೆನಾಯ್ಡ್ (ಕರೆಂಟಿನಿಂದ ಕೆಲಸ ಮಾಡುವ ವಾಲ್ವ್) ತಡವರಿಸಬಹುದು, ಅಲ್ವಾ? ಸುಮ್ನೆ ಉಜ್ಜಿ ಬಿಗಿ ಮಾಡಿದರೇ ಕೆಲವು ಸಲ ಸರಿಹೋಗುತ್ತದೆ.

ಆಯಿಲ್ ಬದಲಿಸುವುದಾದರೆ ಮ್ಯಾನ್ಯುಯಲ್‌ನಲ್ಲಿ ಹೇಳಿದ ಗ್ರೇಡ್ ಮಾತ್ರ ಹಾಕಿಸಿ.